ಮಳೆ ರಜೆಗೊಂದು ಬಿದಿರ ಕೋವಿ

ಕೇಳುಗರಿಗೆ ನಮಸ್ಕಾರ.

ನಮ್ಮ ಕೊಡಗಿನಲ್ಲಿ ಕಕ್ಕಡ ತಿಂಗಳ, ಅಂದರೆ ಜುಲೈ-ಆಗಸ್ಟಿನ, ಮಳೆ ಹಿಡಿದರೆ ಬಿಡುವುದಿಲ್ಲ. ಶಾಲೆಗೆ ಮಳೆ ರಜೆ. ಹತ್ತು ಗಂಟೆಗೆ ಕರೆಂಟು ಹೋಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಮೊಬೈಲಿನ ಚಾರ್ಜೂ ಮುಗಿಯುತ್ತದೆ. ಮಕ್ಕಳು ಜಗಲಿಯಲ್ಲಿ ಮಂಕಾಗಿ ಕೂತಿರುತ್ತಾರೆ. ನಾನು ಕತ್ತಿ ತೆಗೆದುಕೊಂಡು ವಾಟೆ ಅನ್ನುವ ಸಣ್ಣ ಬಿದಿರಿನ ಮೆಳೆಯ ಕಡೆ ಹೊರಡುವುದು ಆಗಲೇ. ಬಿದಿರ ಕೋವಿ ಮಾಡಬೇಕಲ್ಲ! ಪೆಟ್ಲು ಅಂತ ಕರೆಯುವವರೂ ಇದ್ದಾರೆ.

ಕಿರುಬೆರಳು ತೂರುವಷ್ಟು ತೂತಿರುವ ವಾಟೆ ಸಾಕು. ಗೆಣ್ಣು ಬಿಟ್ಟು ಎರಡೂ ಕಡೆ ಕತ್ತರಿಸಿ ಒಂದು ಗೇಣಿನ ನಳಿಗೆ ಮಾಡಿಕೊಳ್ಳಿ. ಕತ್ತಿ ದೊಡ್ಡವರ ಕೈಯಲ್ಲೇ ಇರಲಿ. ಹಸಿ ವಾಟೆಯನ್ನು ಒಲೆ ಪಕ್ಕ ಇಟ್ಟು ಒಣಗಿಸಲು ಹೋಗಬೇಡಿ. ಹೋದ ವರ್ಷ ನಾನು ಆತುರಪಟ್ಟು ಮೂರು ನಳಿಗೆ ಸೀಳಿಸಿಕೊಂಡೆ. ತಳ್ಳುಗೋಲಿಗೆ ಕಾಫಿ ಗಿಡದ ಬಲಿತ ಚಿಗುರಿನ ನೆಟ್ಟಗಿನ ಕಡ್ಡಿ ಚೆನ್ನಾಗಿರುತ್ತದೆ. ಅದನ್ನು ಕಲ್ಲಿಗೆ ಉಜ್ಜಿ ನಯ ಮಾಡುವುದು ಮಕ್ಕಳ ಪಾಲು. ಒಂದು ತುದಿಗೆ ಗೆಣ್ಣಿರುವ ವಾಟೆ ತುಂಡನ್ನು ಹಿಡಿಯಾಗಿ ಬಿಗಿಯಿರಿ.

ಇಲ್ಲೊಂದು ಗುಟ್ಟಿದೆ. ಕೋಲು ನಳಿಗೆಗಿಂತ ಅರ್ಧ ಬೆರಳಿನಷ್ಟು ಗಿಡ್ಡ ಇರಬೇಕು. ನೆನೆಸಿದ ಪೇಪರಿನ ಮೊದಲ ಉಂಡೆಯನ್ನು ತಳ್ಳಿದರೆ ಅದು ನಳಿಗೆಯ ಬಾಯಲ್ಲೇ ನಿಲ್ಲುತ್ತದೆ. ಹಿಂದಿನಿಂದ ಎರಡನೆಯದನ್ನು ತುರುಕಿ ಜೋರಾಗಿ ತಳ್ಳಿದಿರೋ, ಠಪ್ ಅಂತ ಮೊದಲನೆಯದು ಹಾರುತ್ತದೆ. ಎರಡನೆಯದು ಬಂದು ಅದರ ಜಾಗದಲ್ಲಿ ಕೂರುತ್ತದೆ, ಮುಂದಿನ ಗುಂಡು ಅದೇ. ಕೋಲು ಉದ್ದವಾದರೆ ಎರಡೂ ಆಚೆ ಬಿದ್ದು ಪ್ರತಿಸಲ ಹೊಸದಾಗಿ ತುಂಬಬೇಕು. ಗುಂಡಿಗೆ ಕಾಫಿ ಕಾಯಿ ಮಾತ್ರ ಬೇಡ. ಅದು ಮನೆಯ ಅನ್ನ, ಮೇಲಾಗಿ ಗಟ್ಟಿ.

“ಕೋಲು ಮುಟ್ಟಲೇ ಇಲ್ಲ, ಉಂಡೆ ಹೇಗೆ ಹಾರಿತು ಮಾವ?” ಅಂತ ತಂಗಿಯ ಮಗಳು ಕೇಳಿದಳು, ಒಂಬತ್ತು ವರ್ಷದವಳು. ನಾನು ಉತ್ತರ ಹೇಳಲಿಲ್ಲ. ಒಂದೇ ಉಂಡೆ ಹಾಕಿ, ನಳಿಗೆಯ ಬಾಯಿಗೆ ಅವಳ ಹೆಬ್ಬೆರಳು ಒತ್ತಿಸಿ, ಕೋಲನ್ನು ನಿಧಾನವಾಗಿ ತಳ್ಳಿದೆ. ಅರ್ಧ ದಾರಿಗೆ ಬರುವಷ್ಟರಲ್ಲಿ “ಒಳಗಿಂದ ಯಾರೋ ತಳ್ಳುತ್ತಿದ್ದಾರೆ!” ಅಂತ ಕೂಗಿದಳು. ಗಾಳಿಯ ಜಾಗ ಅರ್ಧವಾದರೆ ಒತ್ತಡ ಎರಡು ಪಟ್ಟಾಗುತ್ತದೆ. ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮ ಇದೇ. ಮುಂದೆ ದೊಡ್ಡ ತರಗತಿಯಲ್ಲಿ ಅವಳು ಅದನ್ನು ಓದುತ್ತಾಳೆ. ಅವಳ ಹೆಬ್ಬೆರಳಿಗೆ ಅದು ಈಗಲೇ ಗೊತ್ತು.

ತೀರಾ ಸಣ್ಣ ಮಕ್ಕಳಿಗೆ ಐಸ್‌ಕ್ರೀಂ ಕಡ್ಡಿಯ ಕವಣೆ ಸಾಕು. ಐದಾರು ಕಡ್ಡಿಗಳ ಕಟ್ಟನ್ನು ಇನ್ನೆರಡು ಕಡ್ಡಿಗಳ ನಡುವೆ ಅಡ್ಡ ಸಿಕ್ಕಿಸಿ ರಬ್ಬರ್‌ಬ್ಯಾಂಡ್ ಬಿಗಿಯಿರಿ, ಮೇಲಿನ ಕಡ್ಡಿಯ ತುದಿಗೆ ಬಾಟಲಿ ಮುಚ್ಚಳ ಅಂಟಿಸಿ. ಹತ್ತಿಯ ಉಂಡೆ ಎಲ್ಲಿ ಬಿತ್ತೆಂದು ಜಗಲಿಯಲ್ಲಿ ಸೀಮೆಸುಣ್ಣದ ಗೆರೆ ಎಳೆಯುತ್ತಾ ಸಂಜೆಯವರೆಗೂ ಆಡುತ್ತಾರೆ.

ಇನ್ನು ಕಣ್ಣಿನ ಮಾತು. ಚಿಕ್ಕಂದಿನಲ್ಲಿ ನಾನು ಹೊಡೆದ ಉಂಡೆ ಅಣ್ಣನ ಹುಬ್ಬಿಗೆ ಬಡಿದಿತ್ತು. ಅರ್ಧ ಅಂಗುಲ ಕೆಳಗೆ ಬಿದ್ದಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಇವತ್ತಿಗೂ ಎದೆ ಝಲ್ಲೆನ್ನುತ್ತದೆ. ಅಜ್ಜ ಬೈಯಲಿಲ್ಲ. ಕೋವಿ ತೆಗೆದುಕೊಂಡು ಹೋಗಿ ಒಳಗಿಟ್ಟರು, ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ವರೆಗೆ ಕೊಡಲಿಲ್ಲ. ಆ ದಿನ ಮನೆಯ ನಡುಕೋಣೆಯಾದ ನೆಲ್ಲಕ್ಕಿಯಲ್ಲಿ ದೀಪದ ಮುಂದೆ ದೊಡ್ಡವರ ಕೋವಿಗಳಿಗೆ ತೋಕ್‌ಪೂ ಅನ್ನುವ ಹೂ ಸಿಕ್ಕಿಸಿಟ್ಟಿದ್ದರು. ಸಾಲಿನ ಕೊನೆಯಲ್ಲಿ ನನ್ನ ಬಿದಿರ ಕೋವಿ, ಅದಕ್ಕೂ ಒಂದು ಹೂ. ಕೈಗೆ ಕೊಡುವಾಗ ಅಜ್ಜ ಹೇಳಿದ್ದು ಇಷ್ಟೇ: “ಕೋವಿ ತುಂಬಿರಲಿ, ಖಾಲಿ ಇರಲಿ, ಮನುಷ್ಯರ ಕಡೆ ತಿರುಗಿಸಬಾರದು.” ಮಧ್ಯಾಹ್ನ ಗಂಡಸರು ಹೆಂಗಸರು ತೆಂಗಿನಕಾಯಿಗೆ ಗುಂಡು ಹೊಡೆಯಲು ಮೈದಾನಕ್ಕೆ ಹೋದರು. ನಾವು ಮಕ್ಕಳು ಬೇಲಿಗೂಟದ ಮೇಲೆ ನಿಂಬೆಹಣ್ಣು ಇಟ್ಟು ಹೊಡೆದೆವು.

ಕೈಲ್‌ಪೊಳ್ದ್‌ಗೆ ಇನ್ನೊಂದು ತಿಂಗಳಿದೆ. ಇವತ್ತು ರಾತ್ರಿ ಹಳೇ ದಿನಪತ್ರಿಕೆ ಹರಿದು ನೀರಿನಲ್ಲಿ ಹಾಕಿಡಿ, ಬೆಳಗ್ಗೆಗೆ ಉಂಡೆ ಕಟ್ಟುವ ಹದಕ್ಕೆ ಬಂದಿರುತ್ತದೆ. ನೋಟುಬುಕ್ಕಿನ ಹಾಳೆ ಅಷ್ಟು ಬೇಗ ನೆನೆಯುವುದಿಲ್ಲ.

ನಮಸ್ಕಾರ.