ತಪಸ್ಸುಕಾಲದಲ್ಲಿ ತಪ್ಪು ಯಾರದ್ದು?

ಕೇಳುಗರಿಗೆ ನಮಸ್ಕಾರ. ತಪಸ್ಸುಕಾಲ, ಅಂದರೆ ಈಸ್ಟರ್‌ಗೆ ಮುಂಚಿನ ನಮ್ಮ ಕ್ರೈಸ್ತರ ವ್ರತದ ದಿನಗಳು ಬಂತೆಂದರೆ ಎಲ್ಲರೂ ಕೇಳುವುದು ಒಂದೇ: 'ಫಾದರ್, ಈ ಸಲ ಏನು ಬಿಡಲಿ?' ಮಾಂಸ ಬಿಡಲಾ, ಸಿಹಿ ಬಿಡಲಾ, ಟೀವಿ ಬಿಡಲಾ? ಬಿಡಿ, ಒಳ್ಳೆಯದೇ. ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದಿಂದ ಈಸ್ಟರ್‌ವರೆಗೆ, ಭಾನುವಾರ ಬಿಟ್ಟು ಎಣಿಸಿದರೆ 40 ದಿನ. ಆದರೆ ನಿಮ್ಮ ತಪ್ಪನ್ನು ನೀವು ನೋಡಿಕೊಳ್ಳದಿದ್ದರೆ ಅದು ಬರೀ ಪಥ್ಯ, ಅಷ್ಟೇ.

ಬೈಬಲಿನ ದಾವೀದ ರಾಜನ ಕಥೆ ಹೇಳುತ್ತೇನೆ. ನನಗೆ ಬಹಳ ಇಷ್ಟದ್ದು. ದಾವೀದ ತನ್ನ ಸೈನಿಕ ಊರೀಯನ ಹೆಂಡತಿಯನ್ನು ಕರೆಸಿಕೊಂಡ. ಆಕೆ ಬಸುರಿಯಾದಳು. ವಿಷಯ ಮುಚ್ಚಲು ಊರೀಯನನ್ನು ಯುದ್ಧದ ಮುಂಚೂಣಿಗೆ ಹಾಕಿಸಿ ಕೊಲ್ಲಿಸಿದ. ಆಮೇಲೆ ಏನೂ ಆಗಿಲ್ಲವೆಂಬಂತೆ ಅವಳನ್ನೇ ಮದುವೆಯಾದ. ಆಗ ಪ್ರವಾದಿ ನಾತಾನ ಬಂದ. ಬೈಯಲಿಲ್ಲ, ಸುಮ್ನೆ ಒಂದು ವ್ಯಾಜ್ಯ ಹೇಳಿದ.

ಒಬ್ಬ ಬಡವ. ಅವನಿಗಿದ್ದದ್ದು ಒಂದೇ ಒಂದು ಕುರಿಮರಿ. ಅವನ ತುತ್ತಿನಲ್ಲೇ ತಿನ್ನುತ್ತಿತ್ತು, ಅವನ ಬಟ್ಟಲಲ್ಲೇ ಕುಡಿಯುತ್ತಿತ್ತು, ಎದೆಗೊರಗಿ ಮಲಗುತ್ತಿತ್ತು. ಮಗಳ ಹಾಗೆ! ಪಕ್ಕದಲ್ಲೊಬ್ಬ ಸಾಹುಕಾರ, ಹಿಂಡುಗಟ್ಟಲೆ ಕುರಿಗಳಿದ್ದವನು. ಅವನ ಮನೆಗೆ ಅತಿಥಿ ಬಂದ. ತನ್ನ ಹಿಂಡಿನಿಂದ ಒಂದು ಹಿಡಿಯಲು ಮನಸ್ಸಾಗಲಿಲ್ಲ. ಬಡವನ ಮರಿಯನ್ನೇ ಎಳೆದು ತಂದು ಅಡಿಗೆ ಮಾಡಿಸಿದ.

ದಾವೀದ ಕೆಂಡವಾದ. 'ಅವನು ಸಾಯಲೇಬೇಕು! ನಾಲ್ಕರಷ್ಟು ದಂಡ ಕೊಡಲಿ!' ನೋಡಿ, ಒಂದು ಕುರಿಮರಿಗೆ ಇಷ್ಟು ಸಿಟ್ಟು. ಊರೀಯನ ನೆನಪೇ ಇಲ್ಲ. ನಾತಾನ ಅಂದ: 'ನೀನೇ ಆ ಮನುಷ್ಯ.'

ನಾವೂ ಹೀಗೇ ಅಲ್ವಾ? ಬೇರೆಯವರ ತಪ್ಪಿಗೆ ತೀರ್ಪು ನಾಲಿಗೆಯ ತುದಿಯಲ್ಲೇ ಇರುತ್ತದೆ. ಹಿಂದೊಮ್ಮೆ ಈ ಕಥೆ ಕೇಳಿ ಒಬ್ಬರು ನನ್ನ ಹತ್ತಿರ ಬಂದು, 'ನಮ್ಮ ಭಾವನಿಗೆ ಸರಿಯಾಗಿ ಹೇಳಿದಿರಿ ಫಾದರ್' ಅಂದರು. ಏನು ಹೇಳಲಿ! ನಿಮ್ಮ ಭಾವನನ್ನು ಬಿಡಿ, ನಿಮ್ಮನ್ನು ನೋಡಿಕೊಳ್ಳಿ.

ದಾವೀದ ನೆಪ ಹೇಳಲಿಲ್ಲ, ತಪ್ಪನ್ನು ಊರೀಯನ ಹೆಂಡತಿಯ ಮೇಲೆ ಹಾಕಲಿಲ್ಲ. 'ನಾನು ಪಾಪ ಮಾಡಿದ್ದೇನೆ' ಅಂದ. ನಾತಾನ ಬಂದು ಹೋದ ಮೇಲೆ ಅವನು ಹಾಡಿದ್ದೆಂದು, ಕ್ಷಮೆ ಬೇಡುವ ಬೈಬಲಿನ 51ನೇ ಕೀರ್ತನೆಯ ತಲೆಬರಹವೇ ಹೇಳುತ್ತದೆ. ಬೂದಿ ಬುಧವಾರ ಪೂಜೆಯಲ್ಲಿ ನಾವು ಹಾಡುವುದೂ ಅದನ್ನೇ.

ಇವತ್ತು ಮಲಗುವ ಮುಂಚೆ, ಯಾರ ಮೇಲೆ ಸಿಟ್ಟು ಬಂದಿತ್ತೋ ನೆನೆಸಿಕೊಳ್ಳಿ. ಅದೇ ಕೆಲಸ ನಾನೂ ಮಾಡಿದ್ದೇನಾ ಎಂದು ಕೇಳಿಕೊಳ್ಳಿ. ಮಾಡಿದ್ದರೆ ದೇವರಿಗೆ ಹೇಳಿ, ನೋವು ತಿಂದವರಿಗೂ ಹೇಳಿ.

ಪ್ರಾರ್ಥನೆ, ದಾನದ ಬಗ್ಗೆ ಹೇಳಬೇಕೆಂದಿದ್ದೆ, ಸಮಯವಾಗಿಹೋಯಿತು. ಅದಕ್ಕೆ ಬೈಬಲಿನ ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯ ನೀವೇ ಓದಿಕೊಳ್ಳಿ. ಭಾವನಿಗಾಗಿ ಅಲ್ಲ, ನಿಮಗಾಗಿ. ನಮಸ್ಕಾರ.