ಆ ಆಕಾರ ಮೊದಲು ಯಾರ ಕೈಯಲ್ಲಿ ಬಂತು?

ನಮಸ್ಕಾರ, ಕೋಲಾರದಿಂದ ನಿಮ್ಮ ಬಾಯಿಬಡುಕ. ಹೋದ ಸಲ ಸರ್ಫ್‌ಬೋರ್ಡನ್ನು, ಅಂದರೆ ಸಮುದ್ರದ ಅಲೆಯ ಮೇಲೆ ನಿಂತು ಜಾರುವ ಹಲಗೆಯನ್ನು, ಕೈಯಲ್ಲೇ ಮಾಡುವ ಮನೆತನಗಳ ಬಗ್ಗೆ ಮಾತಾಡಿದ್ದೆ. ಒಬ್ಬರು ಬರೆದಿದ್ದಾರೆ: "ಗುರು, ಸಿಎನ್‌ಸಿ ಮಿಷನ್ ಇದೆ. ಅಪ್ಪ, ಮಗ, ಮೊಮ್ಮಗ ಸೇರಿ ಉಜ್ಜೋದು ಟೈಮ್ ವೇಸ್ಟ್." (ಸಿಎನ್‌ಸಿ ಅಂದರೆ ಕಂಪ್ಯೂಟರ್ ಹೇಳಿದ ಹಾಗೆ ಕೊರೆಯುವ ಮಿಷನ್.) ಇನ್ನೊಬ್ಬರು, "ಕೋಲಾರದಲ್ಲಿ ಅಲೆ ಎಲ್ಲಿದೆ?" ಇಲ್ಲ ಸರ್. ನಮ್ಮ ಬೋರ್‌ವೆಲ್ಲಿನಲ್ಲೇ ನೀರಿಲ್ಲ, ಅಲೆ ಎಲ್ಲಿಂದ ತರಲಿ? ಮೂಲ್ಕಿಗೆ ಹೋಗಿ, ಅಲ್ಲಿ ಸರ್ಫಿಂಗ್ ಕಲಿಸುತ್ತಾರೆ.

ಈಗ ಮಿಷನ್ ಸಾಹೇಬರಿಗೆ ಬರೋಣ. ಮಿಷನ್ ಕೊರೆಯುತ್ತದೆ, ಒಪ್ಪಿದೆ. ಏನು ನೋಡಿ ಕೊರೆಯುತ್ತದೆ? ಫೈಲ್. ಆ ಫೈಲಿನೊಳಗಿನ ಆಕಾರ ಮೊದಲು ಯಾರ ಕೈಯಲ್ಲಿ ಬಂತು?

ಕೆಲಸ ಹೇಗೆ ನಡೆಯುತ್ತದೆ, ಕೇಳಿ. ಫೋಮ್ ದಿಮ್ಮಿಯ ನಡುವೆ ಉದ್ದಕ್ಕೆ ಒಂದು ಮರದ ಪಟ್ಟಿ ಇರುತ್ತದೆ. ಶೇಪರ್, ಅಂದರೆ ಬೋರ್ಡಿಗೆ ಆಕಾರ ಕೊಡುವವನು, ಪ್ಲೇನರ್ (ಕರೆಂಟಿನ ಉಜ್ಜುಗೊರಡು) ಹಿಡಿದು ಹೆರೆಯುತ್ತಾನೆ. ಕೋಣೆಯ ದೀಪ ಮೇಲಿರುವುದಿಲ್ಲ, ಬೋರ್ಡಿನ ಮಟ್ಟಕ್ಕೆ ಪಕ್ಕದ ಗೋಡೆಯಲ್ಲಿರುತ್ತದೆ. ಉಬ್ಬು ತಗ್ಗು ಇದ್ದರೆ ನೆರಳು ಹೇಳಿಬಿಡುತ್ತದೆ. ಫಿನ್, ಅಂದರೆ ಬೋರ್ಡಿನ ಅಡಿ ಹಿಂಭಾಗದಲ್ಲಿರುವ ಮೀನಿನ ರೆಕ್ಕೆಯಂಥದ್ದು, ಅದಂತೂ ಇನ್ನೂ ಚೆಂದ. ಫೈಬರ್‌ಗ್ಲಾಸ್ ಬಟ್ಟೆಯನ್ನು ರೆಸಿನ್ ಅನ್ನೋ ಅಂಟು ಹಾಕಿ ಪದರದ ಮೇಲೆ ಪದರ ಅಂಟಿಸಿ ಹಲಗೆ ಮಾಡುತ್ತಾರೆ. ಕತ್ತರಿಸುತ್ತಾರೆ, ಉಜ್ಜುತ್ತಾರೆ. ಉಜ್ಜುತ್ತಾ ಹೋದ ಹಾಗೆ ಒಳಗಿನ ಪದರಗಳು ಗೆರೆಗೆರೆಯಾಗಿ ಕಾಣುತ್ತವೆ. ಗೆರೆ ಸೊಟ್ಟಗಾದರೆ ಫಿನ್ ಸೊಟ್ಟ. ಮುಂದಿನ ಅಂಚು ದಪ್ಪ, ಹಿಂದಿನದು ತೆಳು. ಇದನ್ನು ಅಪ್ಪನ ಪಕ್ಕ ನಿಂತು ಕಲಿಯಬೇಕು, ಯೂಟ್ಯೂಬ್‌ನಲ್ಲಲ್ಲ. (ನನ್ನ ಚಾನೆಲ್ ಬಿಟ್ಟು.)

1935ರಲ್ಲಿ ಅಮೆರಿಕದ ಸರ್ಫರ್ ಟಾಮ್ ಬ್ಲೇಕ್ ಹಳೇ ಸ್ಪೀಡ್‌ಬೋಟಿನ ಕೀಲ್ (ದೋಣಿಯ ತಳದ ಪಟ್ಟಿ) ಬಿಚ್ಚಿ ಬೋರ್ಡಿಗೆ ಹಾಕಿದರು. ಅದೇ ಮೊದಲ ಫಿನ್. ಸಿಎನ್‌ಸಿ ಹೇಳಿಕೊಟ್ಟಿತಾ? 1980ರಲ್ಲಿ ಆಸ್ಟ್ರೇಲಿಯಾದ ಸೈಮನ್ ಆಂಡರ್ಸನ್ ಮೂರು ಫಿನ್ ಇಟ್ಟು ಬೋರ್ಡ್ ಮಾಡಿದರು. ಅವರೇ ಶೇಪರ್, ಅವರೇ ಸವಾರ. ಮರುವರ್ಷ ಅಂಥದೇ ಬೋರ್ಡ್ ಹತ್ತಿ ಅಲ್ಲಿನ ಬೆಲ್ಸ್ ಬೀಚ್‌ನ ಸರ್ಫಿಂಗ್ ಸ್ಪರ್ಧೆ ಗೆದ್ದರು. ಇವತ್ತು ನಿಮ್ಮ ಮಿಷನ್ ಹಗಲು ರಾತ್ರಿ ಕೊರೆಯೋದು ಆ ಮೂರು ಫಿನ್ನಿನ ಬೋರ್ಡನ್ನೇ! ಯಾರ ಕೈಯಲ್ಲಿ ಬಂತು ಸ್ವಾಮಿ?

"ಮಿಷನ್ನಿನದು ಒಂದೇ ಅಳತೆ ಬರುತ್ತೆ" ಅಂತೀರಿ. ಬರಲಿ. ನಿಮ್ಮ ತೂಕ, ನನ್ನ ತೂಕ ಒಂದೇನಾ? ನಾನು ಹತ್ತಿದರೆ ಅದು ಬೋರ್ಡಲ್ಲ, ಸಬ್‌ಮರೀನ್. ಮಿಷನ್ನಿನಿಂದ ಇಳಿದದ್ದನ್ನೂ ಕೊನೆಗೆ ಯಾರೋ ಕೈಯಲ್ಲೇ ಉಜ್ಜಿ ನಯ ಮಾಡುತ್ತಾರೆ. ಅದನ್ನು ಯಾರೂ ಹೇಳಲ್ಲ.

ನಮ್ಮ ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋಗಿ. ತಲೆಮಾರುಗಳಿಂದ ವಿಗ್ರಹ ಕೆತ್ತುವ ಊರು. ಅಲ್ಲೂ ಈಗ ಕರೆಂಟಿನ ಕಟರ್ ಇದೆ, ನಾನೇನು ಬೇಡ ಅಂದೆನಾ? ಆದರೆ ವಿಗ್ರಹದ ಮುಖ ಯಾವ ಕಟರ್‌ಗೆ ಗೊತ್ತು? ಅಲ್ಲಿ ನಿಂತು "ಟೈಮ್ ವೇಸ್ಟ್" ಅನ್ನಿ ನೋಡೋಣ. ಸುತ್ತಿಗೆ ಅವರ ಕೈಯಲ್ಲಿರುತ್ತದೆ, ನೆನಪಿರಲಿ.

ಅಂದ ಹಾಗೆ, ಚಿಕ್ಕಮ್ಮನ ಟೊಮ್ಯಾಟೊ ತೊಕ್ಕು ಮಾರಾಟಕ್ಕಿದೆ, ಲಿಂಕ್ ಕೆಳಗಿದೆ. ಪೂರ್ತಿ ಕೈಯಲ್ಲೇ ಮಾಡಿದ್ದು. ಮಿಕ್ಸಿ ಬಳಸಿದ್ದಾರೆ, ಅದು ಬೇರೆ ವಿಷಯ.

ಇಲ್ಲ, ಬೇರೆ ವಿಷಯಾನೇ! ಅದಕ್ಕೂ ಕಾಮೆಂಟ್ ಹಾಕಬೇಡಿ. ಯಾರ ಕೈಯಲ್ಲಿ ಬಂತು, ಅಷ್ಟೇ ಹೇಳಿ. ಇನ್ನೂ ಕಾರಣ ಬೇಕಾ? ಬೇಕಿದ್ದವರು ಮೆಂಬರ್ ಆಗಿ, ಅಲ್ಲಿ ಜಾಸ್ತಿ ಬೈತೀನಿ.