ದೊಡ್ಡ ಸಂಪಿಗೆಯ ಹತ್ತಿರ ಚಪ್ಪಲಿ ಬಿಟ್ಟ ಮೇಲೆ

ಎಲ್ಲರಿಗೂ ನಮಸ್ಕಾರ. ಆ ಮೈಕ್ ಸ್ವಲ್ಪ ಕೆಳಗಿಳಿಸಪ್ಪಾ. ನಾನು ಮೂವತ್ತು ವರ್ಷ ಮೈಕಿಲ್ಲದೆ ಪಾಠ ಮಾಡಿದವನು, ಇದನ್ನು ಕಂಡರೆ ಗಂಟಲೇ ಕಟ್ಟುತ್ತೆ.

ಬರುವ ಶನಿವಾರ ನೀವೆಲ್ಲ ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟಿದ್ದೀರಿ. ಹೋಗುವ ಮುಂಚೆ ನೋಡೋದು ಹೇಗೆ ಅಂತ ಮೇಷ್ಟ್ರು ಎರಡು ಮಾತು ಹೇಳಲಿ ಅಂದರು. ಬೆಟ್ಟದ ದಾರಿ, ರಂಗನಾಥನ ಕಥೆ, ಹುಲಿ, ಆನೆ, ಇದೆಲ್ಲ ನಿಮಗೆ ಗೊತ್ತು. ಅದಕ್ಕೆ ನಾನು ನೇರವಾಗಿ ಮರದ ಹತ್ತಿರ ಹೋಗುತ್ತೇನೆ. ಚೀಟಿಯಲ್ಲಿ ಐದು ವಿಷಯ ಬರೆದುಕೊಂಡು ಬಂದಿದ್ದೇನೆ. ಐದೂ ಮುಗಿಯುತ್ತೆ ಅಂತ ನನಗೇ ನಂಬಿಕೆ ಇಲ್ಲ.

ದೊಡ್ಡ ಸಂಪಿಗೆ. ಭಾರ್ಗವಿ ಹೊಳೆ ಪಕ್ಕದ ಈ ಮರ, ಬೆಟ್ಟದ ಕಾಡುಜನ ಸೋಲಿಗರ ದೇವರು. ಸುಮಾರು 34 ಮೀಟರ್ ಎತ್ತರ, ಬುಡದ ಸುತ್ತಳತೆ 20 ಮೀಟರ್ ಅಂತ ಹೇಳುತ್ತಾರೆ. ನಾನು ಮೊದಲ ಸಲ ಹೋದಾಗ ಜೊತೆಗೆ ಒಂಬತ್ತನೇ ಕ್ಲಾಸಿನ ಮಕ್ಕಳಿದ್ದರು, ಕೈಯಲ್ಲಿ ಟೇಪು ಇತ್ತು. ವಿಜ್ಞಾನದ ಮೇಷ್ಟ್ರು ಅಲ್ವಾ, ಏನನ್ನಾದರೂ ಅಳೆಯದೆ ವಾಪಸ್ ಬರೋದು ಹೇಗೆ! ದಾರಿ ತೋರಿಸೋಕೆ ಪಕ್ಕದ ಪೋಡಿನ, ಅಂದರೆ ಸೋಲಿಗರ ಹಾಡಿಯ, ಒಬ್ಬ ತಾತ ಬಂದಿದ್ದ. ಮರ ಇನ್ನೂ ಒಂದು ಕೂಗಳತೆ ದೂರ ಇರುವಾಗಲೇ ನಿಂತು, 'ಮೆಟ್ಟು ಬುಡಿ ಮೇಷ್ಟ್ರೇ' ಅಂದ.

ಮಳೆ ಬಂದು ನಿಂತಿತ್ತು. ನೆಲದ ತುಂಬ ಕೊಳೆತ ಎಲೆ, ಎಲೆಯ ಕೆಳಗೆ ಜಿಗಣೆ. ನನ್ನದು ಹೊಸ ಚಪ್ಪಲಿ ಬೇರೆ. ನಾನು ಕಾನೂನು ಮಾತಾಡೋಕೆ ಶುರು ಮಾಡಿದೆ. 'ಅಲ್ಲಯ್ಯಾ, ನಿಮ್ಮ ರಂಗಪ್ಪನೇ ಚಪ್ಪಲಿ ಹಾಕಿಕೊಂಡು ಕಾಡೆಲ್ಲ ತಿರುಗ್ತಾನೆ ಅಂತೀರಿ, ನಾನು ಹಾಕಿಕೊಂಡರೆ ಏನು?' ಬೂದಿತಿಟ್ಟು ಊರಿನವರು ರಂಗನಾಥನಿಗೆ ಹೊಲಿದು ತರುವ ಆ ದೊಡ್ಡ ಚರ್ಮದ ಚಪ್ಪಲಿ ನೋಡಿದ್ದೀರಲ್ಲ? ಅದನ್ನು ತಲೆಗೆ ಮುಟ್ಟಿಸಿಕೊಂಡು ಬರೋದೇ ಅಲ್ಲಿನ ಆಶೀರ್ವಾದ. ಹಾಗಾಗಿ ನನ್ನ ಪಾಯಿಂಟ್ ಗಟ್ಟಿ ಇದೆ ಅಂದುಕೊಂಡೆ. ತಾತ ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದ. 'ಅಂವ ನಮ್ಮ ಭಾವ ಕನ ಮೇಷ್ಟ್ರೇ. ಹಾಕ್ಕತಾನೆ, ಬುಡ್ತಾನೆ. ನೀವ್ಯಾರು?'

ನಮ್ಮ ಹುಡುಗರು ನಕ್ಕ ನಗು ಇವತ್ತಿಗೂ ಕಿವಿಯಲ್ಲಿದೆ. ಕುಸುಮಾಲೆಯನ್ನು ಮದುವೆಯಾಗಿ ರಂಗಪ್ಪ ಸೋಲಿಗರ ಅಳಿಯ ಆದವನು. ಭಾವನಿಗೆ ಮನೆಯಲ್ಲಿ ಯಾವ ನಿಯಮ? ನಾನು ಬಾಯಿಮುಚ್ಚಿಕೊಂಡು ಚಪ್ಪಲಿ ಬಿಟ್ಟೆ. ಆ ಚಪ್ಪಲಿ ಏನಾಯ್ತು ಅಂತ ಆಮೇಲೆ ಹೇಳ್ತೀನಿ.

ಮರದ ಹತ್ತಿರ ಹೋದ ಮೇಲೆ ಟೇಪಿಗೂ ಅದೇ ಗತಿ. ಬುಡದಲ್ಲಿ ಲಿಂಗದ ಹಾಗೆ ನಿಲ್ಲಿಸಿದ ಕಲ್ಲುಗಳು, ತ್ರಿಶೂಲಗಳು, ಗಂಟೆ, ವಿಭೂತಿ. ಬೇರುಗಳು ನೆಲದಿಂದ ಎದ್ದು ಗೋಡೆಯ ಹಾಗೆ ನಿಂತಿವೆ. ಒಂದು ಬೇರಿನ ಸಂದಿಯಲ್ಲಿ ನೀರು ನಿಂತು, ಅದರಲ್ಲಿ ಕೆಂಪು ಸಿಪ್ಪೆಯ ಸಂಪಿಗೆ ಬೀಜ ಎರಡು ಬಿದ್ದಿದ್ದವು. ಆ ಕೆಂಪಿಗೇ ಹಕ್ಕಿಗಳು ಬರೋದು. ಟೇಪು ಎಲ್ಲಿಂದ ಹಿಡಿಯೋದು? ದೇವರ ತಲೆ ಮೇಲೆ ಎಳೆಯೋಕಾಗುತ್ತಾ? ಸುಮ್ನೆ ಸುತ್ತಿ ಮಡಚಿ ಜೇಬಿಗೆ ಹಾಕಿದೆ. ಆದರೂ ಚಟ ಬಿಡಬೇಕಲ್ಲ, ವಯಸ್ಸೆಷ್ಟು ಅಂತ ಕೇಳಿಯೇಬಿಟ್ಟೆ. 'ನಮ್ಮ ತಾತನ ಕಾಲ್ದಲ್ಲೂ ಇಷ್ಟೇ ದಪ್ಪ ಇತ್ತಂತೆ' ಅಂದ. ಅಷ್ಟೇ.

ಈಗಲೂ ಅಲ್ಲಿಗೆ ಹೋದವರೆಲ್ಲ ಕೇಳೋ ಮೊದಲ ಪ್ರಶ್ನೆ ಇದೇ. ಒಬ್ಬರು 600 ವರ್ಷ ಅಂತಾರೆ, ಇನ್ನೊಬ್ಬರು 2000 ಅಂತಾರೆ. ಇಷ್ಟು ಅಂತರ ಇಟ್ಟುಕೊಂಡು ಯಾಕೆ ಜಗಳ? ನನಗೆ ಬೇಕಿರೋ ಪ್ರಶ್ನೆ ಬೇರೆ. ಇಷ್ಟು ವರ್ಷ ಇದನ್ನು ಯಾರೂ ಕಡಿಯಲಿಲ್ಲವಲ್ಲ, ಯಾಕೆ? ಯಾರೂ ಹೋಗದ ಜಾಗ ಅಂತಾನಾ? ಅಲ್ಲ ಸ್ವಾಮಿ. ದಿನಾ ಓಡಾಡೋ ಜಾಗ! ಬರುತ್ತಾ, ಹೋಗುತ್ತಾ, ಹಬ್ಬ ಮಾಡುತ್ತಾ, ಅಲ್ಲೇ ಅಡುಗೆ ಮಾಡಿ ಉಣ್ಣುತ್ತಾ ಇದ್ದ ಜನ ಉಳಿಸಿಕೊಂಡ ಮರ ಇದು. ಬಿಟ್ಟ ಕಾಡಲ್ಲ, ನೋಡಿಕೊಂಡ ಕಾಡು. ಇದನ್ನೇ ನಾನು ಎಲ್ಲಾ ಕಡೆ ಹೇಳುತ್ತಾ ತಿರುಗೋದು. ಮನೆಯಲ್ಲಿ ನಮ್ಮವಳು ಆಗಲೇ ಕಿವಿಗೆ ಹತ್ತಿ ಇಟ್ಟುಕೊಂಡಿದ್ದಾಳೆ.

ಸರಿ, ಎರಡನೇ ವಿಷಯ. ಕಲ್ಲು. ಬಿಳಿಗಿರಿ ಅಂದ ಮೇಲೆ ಬಿಳಿ ಬಂಡೆ ನೋಡೋಕೆ ಹೋಗುತ್ತೀರಿ. ದೇವಸ್ಥಾನ ನಿಂತಿರೋ ಆ ಕಡಿದಾದ ಬಂಡೆ ದೂರಕ್ಕೆ ಮಾತ್ರ ಬಿಳಿ. ಹತ್ತಿರ ಹೋಗಿ ಕೈಯಿಟ್ಟರೆ ಬೂದು. ಈ ಬೆಟ್ಟಗಳಲ್ಲಿ ಮುಖ್ಯವಾಗಿ ಇರೋದು ಚಾರ್ನೊಕೈಟ್. ಇಗೋ, ಒಂದು ತುಂಡು ತಂದಿದ್ದೇನೆ, ಮುಂದಿನ ಸಾಲಿಂದ ಕೈಗೆ ಕೈ ಕೊಟ್ಟು ಕಳಿಸಿ. ಗಾಬರಿಯಾಗಬೇಡಿ, ಇದು ಕಾಡಿಂದ ಎತ್ತಿಕೊಂಡು ಬಂದದ್ದಲ್ಲ, ರಸ್ತೆ ಕೆಲಸದ ಜಲ್ಲಿ ಗುಡ್ಡೆಯದು. ಒಡೆದ ಮೈ ನೋಡಿ, ಎಣ್ಣೆ ಸವರಿದ ಹಾಗಿಲ್ವಾ? ಈ ಕಲ್ಲಿಗೆ ಹೆಸರು ಬಂದದ್ದು ಒಂದು ಸಮಾಧಿಯಿಂದ. ಕಲ್ಕತ್ತಾದಲ್ಲಿ ಜಾಬ್ ಚಾರ್ನಾಕ್ ಅನ್ನೋ ಕಂಪನಿ ಸಾಹೇಬನ ಗೋರಿ ಇದೆ. ಅದರ ಚಪ್ಪಡಿ ಮದರಾಸಿನ ಕಡೆಯಿಂದ ಹೋದದ್ದು. 1893ರಲ್ಲಿ ಥಾಮಸ್ ಹಾಲೆಂಡ್ ಅನ್ನೋ ಭೂವಿಜ್ಞಾನಿ ಆ ಕಲ್ಲಿಗೆ ಸತ್ತವನ ಹೆಸರನ್ನೇ ಇಟ್ಟ. ಬೆಂದು, ಒತ್ತಿಸಿಕೊಂಡು, 250 ಕೋಟಿ ವರ್ಷದ ಹಿಂದೆಯೇ ಗಟ್ಟಿಯಾದ ಕಲ್ಲು, ಅದಕ್ಕೆ ಮೊನ್ನೆ ಮೊನ್ನೆ ಬಂದ ವ್ಯಾಪಾರಿಯ ಹೆಸರು!

ಸೋಲಿಗರು ಕಲ್ಲಿಗೆ ಹೆಸರಿಡೋ ರೀತಿಯೇ ಬೇರೆ. ಕಾಡನ್ನೆಲ್ಲ ಅವರ ಕುಲಗಳು ಎಲ್ಲೆ ಎಲ್ಲೆ ಅಂತ ಹಂಚಿಕೊಂಡಿದ್ದವು. ಒಂದೊಂದು ಎಲ್ಲೆಯೊಳಗೂ ದೇವರು, ಮಾರಮ್ಮ, ವೀರು, ಅಬ್ಬಿ, ಕಲ್ಲುಗುಡಿ. ಅಬ್ಬಿ ಅಂದರೆ ನೀರಿನ ಜಾಗ. ಕಲ್ಲುಗುಡಿ ಅಂದರೆ ಹಿರಿಯರನ್ನು ಮಣ್ಣು ಮಾಡಿ ಕಲ್ಲಿಟ್ಟ ಜಾಗ. ನಾವು ಸೆಲ್ಫಿ ತೆಗೆಯೋಕೆ ಹತ್ತೋ ಕಲ್ಲು ಯಾರದೋ ಮುತ್ತಜ್ಜಿಯ ತಲೆಗಲ್ಲು ಇರಬಹುದು. ದಯವಿಟ್ಟು ಹತ್ತೋ ಮುಂಚೆ ಕೇಳಿ.

ಏನು? ಹತ್ತು ನಿಮಿಷಾನಾ? ಆಯ್ತು ಆಯ್ತು.

ಹಾಗಾದರೆ ಬೆಂಕಿಯ ವಿಷಯ ಹೇಳಲೇಬೇಕು. 1974ರಲ್ಲಿ ಇದು ಅಭಯಾರಣ್ಯ ಆಯ್ತು. ಕಾಡೊಳಗೆ ಚದುರಿಕೊಂಡಿದ್ದ ಜನರನ್ನು ಪೋಡುಗಳಲ್ಲಿ ತಂದು ಕೂರಿಸಿದರು. ಬೇಟೆ ನಿಂತಿತು, ಜಾಗ ಬದಲಿಸುತ್ತಾ ಮಾಡುತ್ತಿದ್ದ ಬೇಸಾಯ ನಿಂತಿತು. ಅದರ ಜೊತೆಗೆ ತರಗು ಬೆಂಕಿಯೂ ನಿಂತಿತು. ಬೇಸಿಗೆ ಏರುವ ಮುಂಚೆ, ಜನವರಿ ಫೆಬ್ರವರಿ ಹೊತ್ತಿಗೆ, ತರಗೆಲೆಗೆ ಹಾಕುತ್ತಿದ್ದ ಸಣ್ಣ ಬೆಂಕಿ ಅದು. ಮೊಣಕಾಲೆತ್ತರ ಉರಿದು ಆರಿಹೋಗುತ್ತಿತ್ತು. ಬೆಂಕಿ ನಿಲ್ಲಿಸಿದ್ದಕ್ಕೇ ಲಂಟಾನ ಅನ್ನೋ ಕಳೆ ಪೊದೆ ಹಬ್ಬಿತು, ನೆಲ್ಲಿ ಮರಕ್ಕೆ ಉಪ್ಪಿಲು, ಅಂದರೆ ಬಂದಳಿಕೆ, ಜಾಸ್ತಿ ಆಯ್ತು ಅಂತ ಸೋಲಿಗರು ಮೊದಲಿಂದಲೂ ಹೇಳುತ್ತಾ ಬಂದರು. ಕೇಳಿದವರು ಯಾರು? ಆಮೇಲೆ ಸಂಶೋಧಕರು ಲೆಕ್ಕ ಹಾಕಿದರು. 1997ರಲ್ಲಿ ನೂರು ಜಾಗ ನೋಡಿದರೆ 41 ಕಡೆ ಲಂಟಾನ. 2008ರಲ್ಲಿ ಅದೇ ಲೆಕ್ಕ 81. ಹನ್ನೊಂದೇ ವರ್ಷಕ್ಕೆ! ಎಲ್ಲಾ ತಪ್ಪೂ ಬೆಂಕಿ ನಿಲ್ಲಿಸಿದ್ದರದೇ ಅಂತ ನಾನು ಹೇಳೋಲ್ಲ. ಈಗ ಆಳೆತ್ತರ ಒಣ ಲಂಟಾನ ಇರೋ ಕಡೆ ಕಡ್ಡಿ ಗೀರಿದರೆ ಅದು ತರಗು ಬೆಂಕಿಯಾಗಿ ಉಳಿಯೋದೂ ಇಲ್ಲ, ಮರದ ತಲೆಗೇ ಹೋಗುತ್ತೆ. ಆದರೆ ನೋಡಿಕೊಳ್ಳೋರನ್ನು ಆಚೆ ಕಳಿಸಿ 'ಕಾಡು ತನ್ನಷ್ಟಕ್ಕೆ ತಾನು ಚೆನ್ನಾಗಿರುತ್ತೆ' ಅಂದುಕೊಂಡೆವಲ್ಲ, ನನ್ನ ತಕರಾರು ಅಲ್ಲಿ. ಬಿಟ್ಟ ಕಾಡು, ನೋಡಿಕೊಂಡ ಕಾಡು... ಹಾಂ, ಹೇಳಿಯಾಗಿದೆ ಅಂತ ಗೊತ್ತು.

2011ರ ತಮಾಷೆ ನೋಡಿ. ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶ ಅಂತ ಘೋಷಣೆ ಆಯ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಅರಣ್ಯ ಹಕ್ಕು ಕಾಯ್ದೆಯ ಕೆಳಗೆ ಸೋಲಿಗರಿಗೆ ಸಮುದಾಯದ ಹಕ್ಕುಪತ್ರವೂ ಸಿಕ್ಕಿತು. ಹುಲಿ ಕಾಡಿನೊಳಗೆ ಇಂಥ ಹಕ್ಕು ದೇಶದಲ್ಲೇ ಮೊದಲು. ಜೇನು, ನೆಲ್ಲಿಕಾಯಿ, ಪಾಚಿ ತರೋಕೆ ಕಾಗದದ ಮೇಲೆ ದಾರಿ ಆಯ್ತು. ಕಾಗದದಾಚೆ ಏನಾಗಿದೆ ಅಂತ ಅಲ್ಲಿನವರನ್ನೇ ಕೇಳಿ. ಜೀಪಿನಲ್ಲಿ ಕೂತು ಹುಲಿ ಬಂತಾ ಅಂತ ಕೇಳೋ ಮಧ್ಯೆ ಇದನ್ನೂ ಒಂದು ಸಲ ಕೇಳಿ.

ಐದು ನಿಮಿಷದ ಚೀಟಿ ಬಂತು. ಜೇನು ಮತ್ತು ಆನೆ, ಎರಡೂ ಉಳಿದವು. ಜೇನಿಗೆ ಒಂದೇ ಮಾತು, ಬಂಡೆಗೆ ಹೆಜ್ಜೇನು ಕಟ್ಟಿದ್ದರೆ ಅದರ ಕೆಳಗೆ ಸೆಂಟು ಹಾಕಿಕೊಂಡು ನಿಲ್ಲಬೇಡಿ. ಆನೆಯನ್ನು ಬಸ್ಸಿನಲ್ಲಿ ಹೇಳ್ತೀನಿ. ದೊಡ್ಡ ಸಂಪಿಗೆಗೆ ಅರಣ್ಯ ಇಲಾಖೆ ಅನುಮತಿ ಬೇಕು, ನಿಮ್ಮ ಕಾರ್ಯದರ್ಶಿಗಳು ನೋಡಿಕೊಳ್ಳುತ್ತಾರೆ ಅಂದುಕೊಂಡಿದ್ದೇನೆ. ಉಪ್ಪಿನ ಪೊಟ್ಟಣ ಇಟ್ಟುಕೊಳ್ಳಿ, ಜಿಗಣೆಗೆ.

ಹಿಂದಿನ ಸಾಲಿನಿಂದ ಯಾರೋ 'ಚಪ್ಪಲಿ' ಅಂತಿದ್ದಾರೆ. ಹೌದು, ಮರೆತೇಬಿಟ್ಟೆ. ವಾಪಸ್ ಬಂದು ನೋಡಿದರೆ ಬಿಟ್ಟ ಜಾಗದಲ್ಲಿ ಒಂದೇ ಇತ್ತು. ನಾಯಿಯೋ ನರಿಯೋ, ಎಳೆದುಕೊಂಡು ಹೋಗಿತ್ತು. ಮಕ್ಕಳು ಪೊದೆಯೆಲ್ಲ ಹುಡುಕಿದರು, ಸಿಗಲಿಲ್ಲ. ನಾನು ಆ ಒಂಟಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದೆ. ತಾತ ಅದನ್ನು ಇಸಿದುಕೊಂಡು, ತಿರುಗಿಸಿ, ಅಟ್ಟೆ ಎಲ್ಲ ನೋಡಿ ವಾಪಸ್ ಕೊಟ್ಟ. 'ಭಾವಂಗೆ ಇದು ಸಾಲಕಿಲ್ಲ ಮೇಷ್ಟ್ರೇ' ಅಂದ. 'ತಂದು ಹಾಕ್ತಾನೆ ತಗಳಿ.'

ಇನ್ನೂ ತಂದು ಹಾಕಿಲ್ಲ. ಶನಿವಾರ ಹೋದಾಗ ವಿಚಾರಿಸಬೇಕು.